ಗೇರ್‌ಬಾಕ್ಸ್ ಬಿಚ್ಚುವ ಮೊದಲು ಅದರ ಎಣ್ಣೆಯನ್ನು ಕೇಳಿ

ಪ್ರಶ್ನೆ: ನನ್ನದು ಆರು ಗೇರ್‌ಗಳ ಆಟೊಮ್ಯಾಟಿಕ್ ಪೆಟ್ರೋಲ್ ಕಾರು, ಟಾರ್ಕ್ ಕನ್ವರ್ಟರ್ ಮಾದರಿಯದು. ಒಂಬತ್ತು ವರ್ಷವಾಗಿದೆ, 1,12,000 ಕಿ.ಮೀ. ಓಡಿದೆ. ಎಂಜಿನ್ ಆಯಿಲ್ ತಪ್ಪದೆ ಬದಲಿಸಿದ್ದೇನೆ. ಗೇರ್‌ಬಾಕ್ಸಿನ ಆಯಿಲ್ ಮಾತ್ರ ಒಮ್ಮೆಯೂ ಬದಲಿಸಿಲ್ಲ. ಕೊಳ್ಳುವಾಗ ‘ಇದು ಜೀವಮಾನದ ಆಯಿಲ್’ ಎಂದಿದ್ದರು. ಈಗ ಮೂರು ತೊಂದರೆಗಳಿವೆ. ಬೆಳಿಗ್ಗೆ ಮೊದಲ ಸಲ ಲಿವರನ್ನು ‘ಡಿ’ಗೆ ಹಾಕಿದರೆ ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ಧಡ್ ಎಂದು ಹಿಡಿಯುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಒಂದು ಕ್ಷಣ ‘ವೂಂ’ ಎಂದು ಏರಿ ಇಳಿಯುತ್ತದೆ. 60–70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಕೊಂಡು ಹೋಗುವಾಗ ಸಾಲು ಉಬ್ಬುಪಟ್ಟಿಗಳ ಮೇಲೆ ಹೋದಂತೆ ಕಾರು ನಡುಗುತ್ತದೆ. ಒಬ್ಬ ಮೆಕ್ಯಾನಿಕ್ ‘ಇಷ್ಟು ಓಡಿದ ಮೇಲೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಸತ್ತೇಹೋಗುತ್ತದೆ, ಮುಟ್ಟಬೇಡಿ’ ಎಂದರು. ಇನ್ನೊಬ್ಬರು ಯಂತ್ರ ಕಟ್ಟಿ ಫ್ಲಶ್ ಮಾಡಿಸಿ ಎಂದರು. ಮೂರನೆಯವರು ಗೇರ್‌ಬಾಕ್ಸನ್ನೇ ಬದಲಿಸಬೇಕು ಎಂದರು. ಎಚ್ಚರಿಕೆಯ ದೀಪ ಯಾವುದೂ ಹೊತ್ತಿಲ್ಲ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವರಲ್ಲಿ ಒಬ್ಬರೂ ಗೇರ್‌ಬಾಕ್ಸಿನ ಎಣ್ಣೆಯನ್ನು ಹೊರತೆಗೆದು ನೋಡಿದ ಹಾಗೆ ಕಾಣುವುದಿಲ್ಲ, ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿದ ಹಾಗೂ ಕಾಣುವುದಿಲ್ಲ. ನಾಡಿ ಹಿಡಿಯದೆ ಒಬ್ಬರು ಉಪವಾಸ ಹೇಳಿದ್ದಾರೆ, ಒಬ್ಬರು ಭೇದಿ ಔಷಧ ಹೇಳಿದ್ದಾರೆ, ಒಬ್ಬರು ಶಸ್ತ್ರಚಿಕಿತ್ಸೆ ಹೇಳಿದ್ದಾರೆ. ನಾನೂ ನಿಮ್ಮ ಕಾರನ್ನು ಕಂಡವನಲ್ಲ. ಆದ್ದರಿಂದ ನಾಲ್ಕನೆಯ ತೀರ್ಪು ಕೊಡಲು ಹೋಗದೆ, ನಾಡಿ ಹಿಡಿಯುವುದು ಹೇಗೆ ಎಂಬುದನ್ನು ಹೇಳುತ್ತೇನೆ. ಅರ್ಧ ಪರೀಕ್ಷೆಯನ್ನು ನೀವೇ ಮಾಡಬಹುದು.

ಮುಟ್ಟಿದರೆ ಕೆಡುತ್ತದೆಯೋ ಮುಟ್ಟದಿದ್ದರೆ ಕೆಡುತ್ತದೆಯೋ ಎಂಬುದು ನಿಮ್ಮ ನಿಜವಾದ ಆತಂಕ. ಈ ಗೊಂದಲದಲ್ಲಿ ಬಹಳ ಮಂದಿ ಇನ್ನೊಂದು ಆರು ತಿಂಗಳು ಹಾಗೆಯೇ ಓಡಿಸಿಬಿಡುತ್ತಾರೆ. ಅದೊಂದನ್ನು ಮಾಡಬೇಡಿ. ಎಂಜಿನ್ ‘ವೂಂ’ ಎಂದ ಪ್ರತಿ ಸಲವೂ ಒಳಗೆ ಒಂದು ಕ್ಲಚ್ ಜಾರುತ್ತಿರುತ್ತದೆ, ಜಾರಿದಷ್ಟು ಬಿಸಿಯಾಗುತ್ತದೆ, ಬಿಸಿಯಾದಷ್ಟು ಸವೆಯುತ್ತದೆ. ಇಂದು ಎಣ್ಣೆಯಿಂದ ಮುಗಿಯಬಹುದಾದ ಕೆಲಸ ಆರು ತಿಂಗಳ ಬಳಿಕ ಎಣ್ಣೆಯಿಂದ ಮುಗಿಯದೆ ಹೋಗಬಹುದು.

ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಮ್ಯಾನುಯಲ್ ಕಾರಿನಲ್ಲಿ ಕಾಲು ಕ್ಲಚ್ ಒತ್ತಿ ಎಂಜಿನ್ನಿನ ಸಂಬಂಧ ಕಡಿಯುತ್ತದೆ, ಕೈ ಗೇರ್ ಬದಲಿಸುತ್ತದೆ, ಕಾಲು ಮತ್ತೆ ಸಂಬಂಧ ಕೂಡಿಸುತ್ತದೆ. ನಿಮ್ಮ ಕಾರಿನಲ್ಲಿ ಹಲ್ಲುಗಾಲಿಗಳು ಒಂದನ್ನೊಂದು ಬಿಡುವುದೇ ಇಲ್ಲ. ನಡುವೆ ಒಂದು ಸೂರ್ಯ ಗೇರ್, ಅದರ ಸುತ್ತ ತಿರುಗುವ ಗ್ರಹ ಗೇರ್‌ಗಳು, ಎಲ್ಲವನ್ನೂ ಸುತ್ತುವರಿದ ಉಂಗುರ ಗೇರ್. ಇವುಗಳಲ್ಲಿ ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ತಿರುಗಿಸಿದರೆ ಮೂರನೆಯದು ಬೇರೆ ವೇಗದಲ್ಲಿ ತಿರುಗುತ್ತದೆ. ಯಾವುದನ್ನು ಹಿಡಿಯುತ್ತೀರಿ ಎಂಬುದರ ಮೇಲೆ ಗೇರ್ ತೀರ್ಮಾನವಾಗುತ್ತದೆ. ಅಂದರೆ ಆಟೊಮ್ಯಾಟಿಕ್‌ನಲ್ಲಿ ಗೇರ್ ಬದಲಾಗುವುದೆಂದರೆ ಒಂದು ಹಿಡಿತ ಸಡಿಲಿ ಇನ್ನೊಂದು ಬಿಗಿಯಾಗುವುದು, ಅಷ್ಟೇ.

ಹಿಡಿಯುವ ಕೈಗಳು ಯಾವುವೆಂದರೆ ಕ್ಲಚ್ ಪ್ಯಾಕ್‌ಗಳು: ಒಂದು ಉಕ್ಕಿನ ಬಿಲ್ಲೆ, ಒಂದು ಘರ್ಷಣೆಯ ಬಿಲ್ಲೆ, ಮತ್ತೆ ಉಕ್ಕು, ಮತ್ತೆ ಘರ್ಷಣೆ, ಹೀಗೆ ಜೋಡಿಸಿ ಎಣ್ಣೆಯಲ್ಲಿ ಮುಳುಗಿಸಿಟ್ಟ ಕಟ್ಟು. ಘರ್ಷಣೆಯ ಪದರ ಬಹುತೇಕ ಕಾಗದವೇ. ಸಸ್ಯದ ನಾರನ್ನು ರಾಳದಲ್ಲಿ ನೆನೆಸಿ ಮಾಡಿದ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳುವಾದ ಕಾಗದ. ತರಬೇತಿಗೆ ಬಂದ ಹುಡುಗರ ಕೈಗೆ ಮೊದಲ ಸಲ ಈ ಬಿಲ್ಲೆಯನ್ನು ಕೊಟ್ಟಾಗ ಅವರು ಉಗುರಿನಿಂದ ಕೆರೆದು ನೋಡಿ ನನ್ನ ಮುಖ ನೋಡುತ್ತಾರೆ. ಒಂದೂವರೆ ಟನ್ ಕಾರನ್ನು ಎಳೆಯುವುದು ಇದೇ ಎಂದರೆ ನಂಬುವುದು ಕಷ್ಟ.

ಕಾಗದವನ್ನು ಕಾಪಾಡುವುದೂ ಒತ್ತಿ ಹಿಡಿಯುವುದೂ ಎಣ್ಣೆ. ಎಂಜಿನ್ ತಿರುಗಿದರೆ ಗೇರ್‌ಬಾಕ್ಸಿನ ಪಂಪ್ ತಿರುಗುತ್ತದೆ, ಪಂಪ್ ಎಣ್ಣೆಗೆ ಒತ್ತಡ ಕೊಡುತ್ತದೆ. ವಾಲ್ವ್ ಬಾಡಿ ಎಂಬ ಅಲ್ಯೂಮಿನಿಯಂ ಹಲಗೆಯೊಳಗಿನ ಇಕ್ಕಟ್ಟಾದ ಓಣಿಗಳಲ್ಲಿ ಅದು ಹರಿಯುತ್ತದೆ. ಯಾವ ಓಣಿ ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ಸೊಲೆನಾಯ್ಡ್‌ಗಳೆಂಬ ವಿದ್ಯುತ್ ಕವಾಟಗಳಿಗೆ ಕಂಪ್ಯೂಟರ್ ಹೇಳುತ್ತದೆ. ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಗೇರ್‌ಬಾಕ್ಸಿನ ಒಳಬದಿಯ ಶಾಫ್ಟ್ ಎಷ್ಟು ತಿರುಗುತ್ತಿದೆ, ಹೊರಬದಿಯದು ಎಷ್ಟು, ಎಣ್ಣೆ ಎಷ್ಟು ಬಿಸಿ ಇದೆ ಎಂಬುದನ್ನೆಲ್ಲ ಅದು ನೋಡುತ್ತಿರುತ್ತದೆ. 1939ರಲ್ಲಿ ಜನರಲ್ ಮೋಟರ್ಸ್ ಹೊರತಂದ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಸ್ಪ್ರಿಂಗ್‌ಗಳೂ ಎಣ್ಣೆಯ ಒತ್ತಡವೂ ತಮ್ಮತಮ್ಮಲ್ಲೇ ತೂಗಿ ನೋಡಿ ಗೇರ್ ಬದಲಿಸುತ್ತಿದ್ದವು. ಇಂದು ಅಪ್ಪಣೆ ಕೊಡುವುದು ವಿದ್ಯುತ್ತು, ದುಡಿಯುವುದು ಮಾತ್ರ ಈಗಲೂ ಎಣ್ಣೆಯೇ. ನಿಮ್ಮ ಮೂರು ತೊಂದರೆಗಳಲ್ಲಿ ಮೂರಕ್ಕೂ ಎಣ್ಣೆಯ ನಂಟು ಇರಬಹುದು ಎಂದು ನಾನು ಶಂಕಿಸುವುದು ಇದಕ್ಕಾಗಿ. ಆದರೆ ಶಂಕೆಯೇ ತೀರ್ಮಾನವಲ್ಲ, ಒಂದೊಂದನ್ನೇ ಬೇರೆಯಾಗಿ ನೋಡೋಣ.

ಮೊದಲು ನಡುಕ. ಎಂಜಿನ್ನಿಗೂ ಗೇರ್‌ಗಳಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರನ್ನು ಎದುರುಬದುರು ಇಟ್ಟ ಎರಡು ಫ್ಯಾನ್‌ಗಳೆಂದುಕೊಳ್ಳಿ. ಒಂದು ಎಣ್ಣೆಯನ್ನು ಎರಚುತ್ತದೆ, ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ನಿಂತಲ್ಲಿಂದ ಹೊರಡುವಾಗ ಇದು ಎಂಜಿನ್ನಿನ ಬಲವನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತದೆ, ಆದರೆ ಸಮವೇಗದಲ್ಲಿ ಹೋಗುವಾಗ ಜಾರಿ ಜಾರಿ ಇಂಧನ ಪೋಲು ಮಾಡುತ್ತದೆ. ಅದಕ್ಕಾಗಿ ಒಳಗೊಂದು ಲಾಕಪ್ ಕ್ಲಚ್ ಇಟ್ಟು ಎರಡನ್ನೂ ಒಂದುಗೂಡಿಸುತ್ತಾರೆ. ಇತ್ತೀಚಿನ ಕಾರುಗಳಲ್ಲಿ ಈ ಕ್ಲಚ್ಚನ್ನು ಪೂರ್ತಿ ಬಿಗಿಯದೆ, ನಿಮಿಷಕ್ಕೆ ಕೆಲವು ಹತ್ತು ಸುತ್ತುಗಳಷ್ಟು ಬೇಕೆಂದೇ ಜಾರಲು ಬಿಡುತ್ತಾರೆ, ಎಂಜಿನ್ನಿನ ಕಂಪನ ಒಳಗೆ ತಿಳಿಯದಿರಲಿ ಎಂದು. ಈ ಜಾರಿಕೆ ನಯವಾಗಿ ಆಗಬೇಕಾದರೆ ಎಣ್ಣೆಯಲ್ಲಿ ಬೆರೆಸಿರುವ ಘರ್ಷಣೆ ಹದಗೊಳಿಸುವ ರಾಸಾಯನಿಕಗಳು ಜೀವಂತವಾಗಿರಬೇಕು. ಅವು ಸತ್ತ ಮೇಲೆ ಕ್ಲಚ್ ಹಿಡಿಯುತ್ತದೆ, ಬಿಡುತ್ತದೆ, ಹಿಡಿಯುತ್ತದೆ, ಬಿಡುತ್ತದೆ. ನಿಮಗೆ ಉಬ್ಬುಪಟ್ಟಿಯ ಮೇಲೆ ಹೋದಂತೆ ಅನ್ನಿಸುವುದು ಅದೇ ಇರಬಹುದು. ವೇಗ, ಹಗುರವಾದ ಆಕ್ಸಿಲರೇಟರ್, ನಡುಕದ ಬಗೆ, ಎಲ್ಲವೂ ಹೊಂದುತ್ತವೆ.

‘ಇರಬಹುದು’ ಎಂದೇ ಹೇಳುತ್ತಿದ್ದೇನೆ, ಏಕೆಂದರೆ ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ನಡುಕದ ಕಾರೊಂದರ ಗೇರ್‌ಬಾಕ್ಸ್ ಇಳಿಸಿ, ಕನ್ವರ್ಟರ್ ಬದಲಿಸಿ, ಎರಡು ದಿನ ಬೆವರು ಸುರಿಸಿ ಮತ್ತೆ ಏರಿಸಿದೆ. ರಸ್ತೆಗೆ ಒಯ್ದರೆ ನಡುಕ ಅಲ್ಲೇ ಇತ್ತು. ತಪ್ಪು ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಒಂದು ಇಗ್ನಿಷನ್ ಕಾಯಿಲ್‌ನದು. ಎಂಜಿನ್ನಿನ ಒಂದು ಸಿಲಿಂಡರ್ ಆಗಾಗ ಉರಿಯುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅಂದಿನಿಂದ ಒಂದು ಪರೀಕ್ಷೆ ಮಾಡದೆ ಪಾನಾ ಮುಟ್ಟಿಲ್ಲ. ಅದನ್ನು ನೀವೂ ಮಾಡಬಹುದು. ಹಿಂದೆ ಮುಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ. ಆಕ್ಸಿಲರೇಟರನ್ನು ಅಲುಗಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಿಂಬದಿಯ ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ತಾಗಿಸಿ. ಎಡಗಾಲಿಗೆ ಬ್ರೇಕ್ ಒತ್ತಿ ಅಭ್ಯಾಸವಿಲ್ಲದವರು ಜೋರಾಗಿ ತುಳಿದುಬಿಡುತ್ತಾರೆ, ನಿಧಾನ. ಬ್ರೇಕ್ ದೀಪದ ಸಂಕೇತ ಸಿಕ್ಕ ಕೂಡಲೇ ಹೆಚ್ಚಿನ ಕಾರುಗಳಲ್ಲಿ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸ್ವಲ್ಪ ಏರಿ ನಡುಕ ಥಟ್ಟನೆ ನಿಂತರೆ ತಪ್ಪು ಕನ್ವರ್ಟರಿನ ಕ್ಲಚ್ ಅಥವಾ ಎಣ್ಣೆಯಲ್ಲಿದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್‌ಗಳ ಕಡೆ ಹೋಗಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಅದೇ ವೇಗದಲ್ಲಿ ನಡುಕ ಉಳಿದರೆ ಅದು ಗೇರ್‌ಬಾಕ್ಸೂ ಅಲ್ಲ, ಎಂಜಿನ್ನೂ ಅಲ್ಲ. ಚಕ್ರಗಳ ಬ್ಯಾಲೆನ್ಸ್ ನೋಡಿಸಿ.

ಎರಡನೆಯದು ಎರಡರಿಂದ ಮೂರಕ್ಕೆ ಹೋಗುವಾಗಿನ ‘ವೂಂ’. ಮೂರರಲ್ಲಿ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಲಕ್ಷಣ ಇದು. ತುಂಬಿದ ಕೊಡವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುವ ಗಳಿಗೆಯನ್ನು ನೆನೆಸಿಕೊಳ್ಳಿ. ಎರಡನೇ ಗೇರಿನ ಕ್ಲಚ್ ಬಿಡುತ್ತಿರುವಾಗಲೇ ಮೂರನೆಯದು ಹಿಡಿಯಬೇಕು. ತೆಗೆದುಕೊಳ್ಳುವವರು ತಡಮಾಡಿದರೆ ಕೊಡ ಜಾರುತ್ತದೆ. ಎಂಜಿನ್ನಿಗೆ ಹೊರೆಯೇ ಇಲ್ಲದಂತಾಗಿ ಆರ್‌ಪಿಎಂ ಜಿಗಿಯುತ್ತದೆ. ಕೊಡುವವರು ಬಿಡಲು ತಡಮಾಡಿದರೆ ಇಬ್ಬರೂ ಎಳೆದಾಡಿದಂತಾಗಿ ಕಾರು ಮುಗ್ಗರಿಸುತ್ತದೆ. ನಿಮ್ಮದು ಮೊದಲ ಬಗೆ.

ತಡವಾಗುವುದಕ್ಕೆ ಕಾರಣ ಕಾಗದ ಸವೆದಿರುವುದೇ, ಕ್ಲಚ್ಚನ್ನು ಒತ್ತುವ ಪಿಸ್ಟನ್ನಿನ ಸೀಲ್ ಗಟ್ಟಿಯಾಗಿರುವುದೇ, ಅಥವಾ ಎಣ್ಣೆಯ ಒತ್ತಡ ಸಕಾಲಕ್ಕೆ ತಲುಪದಿರುವುದೇ ಎಂಬುದು ಮುಖ್ಯ. ಬಿಚ್ಚದೆ ಇದರ ಸುಳಿವು ಪಡೆಯುವ ಒಂದು ದಾರಿ ಇದೆ. ಆರು ಗೇರ್‌ಗಳ ಹಲವು ಗೇರ್‌ಬಾಕ್ಸ್‌ಗಳಲ್ಲಿ ಮೂರನೇ ಗೇರ್, ಐದನೇ ಗೇರ್ ಮತ್ತು ರಿವರ್ಸ್ ಮೂರನ್ನೂ ಹಿಡಿಯುವುದು ಒಂದೇ ಕ್ಲಚ್ ಪ್ಯಾಕ್. ನೀವು ರಿವರ್ಸ್ ಬಗ್ಗೆ ಒಂದು ಮಾತನ್ನೂ ಬರೆದಿಲ್ಲ. ತೊಂದರೆ ಇಲ್ಲದ್ದಕ್ಕೆ ಬರೆಯಲಿಲ್ಲವೋ, ಗಮನಿಸಲಿಲ್ಲವೋ ತಿಳಿಯದು. ಕಾರು ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ಬ್ರೇಕ್ ಒತ್ತಿಕೊಂಡು ‘ಎನ್’ನಿಂದ ‘ಆರ್’ಗೆ ಹಾಕಿ. ಒಂದು ಸೆಕೆಂಡಿನೊಳಗೆ ಹಿಡಿಯಬೇಕು. ನಾಲ್ಕರಿಂದ ಐದಕ್ಕೆ ಹೋಗುವಾಗಲೂ ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಡಿ. ರಿವರ್ಸ್ ತಡ, ನಾಲ್ಕು–ಐದರಲ್ಲೂ ಜಿಗಿತ ಎಂದಾದರೆ ಬೆರಳು ಆ ಒಂದು ಕ್ಲಚ್ಚಿನ ಕಡೆಗೇ ತೋರುತ್ತದೆ. ಅದು ಸವೆದಿದ್ದರೆ ಯಾವ ಎಣ್ಣೆಯೂ ಕಾಗದವನ್ನು ಮರಳಿ ಬೆಳೆಸುವುದಿಲ್ಲ. ಎರಡೂ ಸರಿಯಾಗಿದ್ದರೆ ಕ್ಲಚ್ ಇನ್ನೂ ಗಟ್ಟಿಯಾಗಿದೆ, ಕೊಡ ದಾಟಿಸುವ ಹೊತ್ತು ಮಾತ್ರ ತಪ್ಪುತ್ತಿದೆ ಎಂದು ತಿಳಿಯಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ರಿವರ್ಸ್‌ನಲ್ಲಿ ಗೇರ್‌ಬಾಕ್ಸ್ ಒತ್ತಡವನ್ನು ಹೆಚ್ಚಿಸಿಕೊಳ್ಳುತ್ತದೆ, ಹಾಗಾಗಿ ಅಲ್ಪಸ್ವಲ್ಪ ಸವೆತ ಅಲ್ಲಿ ಮರೆಯಾಗಬಹುದು. ನಾಲ್ಕು–ಐದರ ಸಾಕ್ಷಿಯನ್ನು ನಾನು ಹೆಚ್ಚು ನಂಬುತ್ತೇನೆ.

ಮೂರನೆಯದು ಬೆಳಗಿನ ತಡ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕನ್ವರ್ಟರಿನ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಕೆಳಗಿನ ತಟ್ಟೆಗೆ ಇಳಿದಿರುತ್ತದೆ. ಪಂಪ್ ಮೊದಲು ಆ ಖಾಲಿಯನ್ನು ತುಂಬಬೇಕು, ಆಮೇಲೆ ಕ್ಲಚ್ಚಿಗೆ ಒತ್ತಡ. ಹಳೆಯ ಸೀಲ್‌ಗಳು ತಣ್ಣಗಿರುವಾಗ ಬಿರುಸಾಗಿದ್ದು ಒತ್ತಡ ಸೋರುವುದೂ ಉಂಟು. ನಾಳೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ‘ಪಿ’ಯಲ್ಲೇ ಅರ್ಧ ನಿಮಿಷ ಬಿಟ್ಟು ಆಮೇಲೆ ‘ಡಿ’ಗೆ ಹಾಕಿ. ತಡ ಮಾಯವಾದರೆ ಎಣ್ಣೆ ಇಳಿದುಹೋಗುವುದೋ ಮಟ್ಟ ಕಡಿಮೆಯಾಗಿರುವುದೋ ಕಾರಣ. ಬಿಸಿಯಾದ ಮೇಲೂ ತಡವಿದ್ದರೆ ಅದು ಬೇರೆ ಕಥೆ, ಕೆಟ್ಟ ಕಥೆ. ಒಂದು ಎಚ್ಚರಿಕೆ: ಹಿಡಿಯುವ ತನಕ ತಾಳ್ಮೆಗೆಟ್ಟು ಆಕ್ಸಿಲರೇಟರ್ ಒತ್ತಬೇಡಿ. ಎರಡು ಸಾವಿರ ಸುತ್ತಿನಲ್ಲಿ ಹಿಡಿದ ಕ್ಲಚ್ಚಿನ ‘ಧಡ್’ ಬರೀ ಸದ್ದಲ್ಲ. ಇನ್ನು ನಿಮ್ಮ ಈಗಿನ ‘ಧಡ್’ನಲ್ಲಿ ಎಂಜಿನ್ನನ್ನು ಹೊತ್ತ ರಬ್ಬರ್ ಆಸರೆಗಳಾದ ಎಂಜಿನ್ ಮೌಂಟ್‌ಗಳ ಪಾಲೂ ಇರಬಹುದು. ಒಂಬತ್ತು ವರ್ಷದ ರಬ್ಬರ್ ಬಿರುಕು ಬಿಟ್ಟಿದ್ದರೆ ಗೇರ್‌ಬಾಕ್ಸಿನ ಸಣ್ಣ ತಳ್ಳುವಿಕೆಯೂ ಕಾರಿನೊಳಗೆ ಗುದ್ದಿನಂತೆ ಕೇಳುತ್ತದೆ.

ಈಗ ಎಣ್ಣೆ ನೋಡುವ ಕೆಲಸ. ಮೊದಲು ಮಟ್ಟ. ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇರುವ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಚಾಲೂ ಇದ್ದು ಎಣ್ಣೆ ಬಿಸಿಯಾಗಿರುವಾಗ ‘ಪಿ’ಯಲ್ಲಿಟ್ಟು ನೋಡುತ್ತಾರೆ, ಕೆಲವು ಕಂಪನಿಗಳು ಎಂಜಿನ್ ನಿಲ್ಲಿಸಿ ನೋಡಲು ಹೇಳುತ್ತವೆ, ಕೈಪಿಡಿಯ ಮಾತೇ ಕೊನೆ. ಡಿಪ್‌ಸ್ಟಿಕ್ಕೇ ಇಲ್ಲದವುಗಳಲ್ಲಿ ನಿಗದಿತ ಉಷ್ಣತೆಗೆ ಎಣ್ಣೆಯನ್ನು ತಂದು, ಕೆಳಗಿನ ತೂತಿನಿಂದ ಹೆಚ್ಚಾದದ್ದು ಹರಿದುಹೋಗುವಂತೆ ಬಿಟ್ಟು ಮಟ್ಟ ಗೊತ್ತುಮಾಡಬೇಕು. ಈ ಉಷ್ಣತೆಯ ಲೆಕ್ಕ ಬಿಟ್ಟು ಅಂದಾಜಿನಲ್ಲಿ ತುಂಬುವವರೇ ಹೆಚ್ಚು, ಎಷ್ಟೋ ತೊಂದರೆ ಹುಟ್ಟುವುದು ಅಲ್ಲಿಯೇ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಾದರೆ ತಿರುಗುವ ಗೇರ್‌ಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ಆಗಲೂ ಪಂಪಿಗೆ ಸಿಗುವುದು ಗಾಳಿಯೇ. ಎರಡರ ಲಕ್ಷಣವೂ ಒಂದೇ: ತಡ, ಜಾರುವಿಕೆ. ಇನ್ನೊಂದು ಮಾತು, ಈ ಎಣ್ಣೆ ಎಂಜಿನ್ ಆಯಿಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ.

ಆಮೇಲೆ ಒಂದಿಷ್ಟು ಎಣ್ಣೆಯನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ. ಬಣ್ಣಕ್ಕೆ ಬೆಚ್ಚಬೇಡಿ. ಕೆಂಪು ಎಂಬುದು ಸೋರಿಕೆಯನ್ನು ಗುರುತಿಸಲೆಂದು ಬೆರೆಸುವ ಬಣ್ಣವಷ್ಟೇ. ಅದು ಕಂದು ತಿರುಗಿದ ಮಾತ್ರಕ್ಕೆ ಗೇರ್‌ಬಾಕ್ಸ್ ಹೋಯಿತೆಂದಲ್ಲ, ಮೊದಲಿಂದಲೇ ಕೆಂಪಲ್ಲದ ಎಣ್ಣೆಗಳೂ ಇವೆ. ಮೂಸಿ ನೋಡಿ. ಸುಟ್ಟ ಕಾಗದದ ಘಾಟು ಬಂದರೆ ಅದು ಸುಟ್ಟ ಕಾಗದವೇ, ಎಲ್ಲಿಯದೆಂದು ಈಗ ನಿಮಗೆ ಗೊತ್ತು. ಎರಡು ಬೆರಳ ನಡುವೆ ಉಜ್ಜಿ ನೋಡಿ, ತರಿತರಿ ಸಿಗಬಾರದು. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ರೇಡಿಯೇಟರಿನೊಳಗೆ ಈ ಎಣ್ಣೆಯನ್ನು ತಣಿಸುವ ಕೂಲರ್ ಒಡೆದು, ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್ ಸೇರಿದೆ ಎಂದರ್ಥ. ಆಗ ಕಾರನ್ನು ಅಲ್ಲಿಂದ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ನೀರು ಕಾಗದದ ಅಂಟನ್ನೇ ಬಿಡಿಸುತ್ತದೆ.

ಕೆಳಗಿನ ತಟ್ಟೆ ಬಿಚ್ಚಿದಾಗ ನೀವು ಪಕ್ಕದಲ್ಲಿ ನಿಂತಿರಿ. ತಟ್ಟೆಯ ಮೂಲೆಯಲ್ಲಿ ಒಂದೆರಡು ಆಯಸ್ಕಾಂತಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ, ಬೆರಳಿಗೆ ಬೆಣ್ಣೆಯಂತೆ ಸಿಗುವ ಲೇಪ ಇದ್ದೇ ಇರುತ್ತದೆ. ಒಂದು ಲಕ್ಷ ಕಿ.ಮೀ. ಓಡಿದ ಯಂತ್ರದಲ್ಲಿ ಅದು ಸಹಜ ಸವೆತ, ಅದನ್ನು ತೋರಿಸಿ ಹೆದರಿಸುವವರನ್ನು ನಂಬಬೇಡಿ. ಅದರಲ್ಲಿ ಸೂಜಿಯಂಥ ಲೋಹದ ಸೀಳುಗಳಿದ್ದರೆ, ತಟ್ಟೆಯ ತಳದಲ್ಲಿ ಕಪ್ಪು ಚಕ್ಕೆಗಳಿದ್ದರೆ, ಎಣ್ಣೆಯಲ್ಲಿ ಹಿತ್ತಾಳೆಯ ಮಿನುಗು ಕಂಡರೆ ಮಾತ್ರ ಎದೆ ಗಟ್ಟಿ ಮಾಡಿಕೊಳ್ಳಿ.

ಇನ್ನು ‘ಹೊಸ ಆಯಿಲ್ ಹಾಕಿದರೆ ಸಾಯುತ್ತದೆ’ ಎಂಬ ಮಾತು. ಇದನ್ನು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ, ಹೇಳುವವರು ಸುಳ್ಳುಗಾರರಲ್ಲ. ಅವರು ಹಾಗೆ ಸತ್ತ ಗೇರ್‌ಬಾಕ್ಸ್‌ಗಳನ್ನು ಕಣ್ಣಾರೆ ಕಂಡಿದ್ದಾರೆ. ಆದರೆ ಹತ್ತು ವರ್ಷ ಎಣ್ಣೆಯ ಗೊಡವೆಗೇ ಹೋಗದವರು ಅದನ್ನು ಬದಲಿಸಲು ಬರುವುದು ಯಾವಾಗ? ಜಾರಲು ಶುರುವಾಗಿ, ಕ್ಲಚ್ ಅರ್ಧ ಸುಟ್ಟ ಮೇಲೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ, ಅಪವಾದ ಕಾಗೆಗೆ. ಅದರಲ್ಲಿ ಒಂದು ಎಳೆ ನಿಜವೂ ಉಂಟು. ಪೂರ್ತಿ ಸವೆದ ಕ್ಲಚ್‌ನಲ್ಲಿ ಹಳೆಯ ಎಣ್ಣೆಯೊಳಗೆ ತೇಲುವ ಪುಡಿಯೇ ಅಷ್ಟಿಷ್ಟು ಹಿಡಿತ ಕೊಡುತ್ತಿರಬಹುದು. ಹೊಸ ಎಣ್ಣೆಯ ತೊಳೆಯುವ ಗುಣಕ್ಕೆ ಎದ್ದ ಕೊಳೆ ವಾಲ್ವ್ ಬಾಡಿಯ ಓಣಿಯಲ್ಲಿ ಸಿಕ್ಕಿಕೊಳ್ಳಲೂಬಹುದು. ಹಾಗಾಗಿ ಸುಟ್ಟ ವಾಸನೆ, ಕಪ್ಪು ಚಕ್ಕೆಗಳು ಇದ್ದಲ್ಲಿ ಎಣ್ಣೆ ಬದಲಿಸಿ ಪವಾಡ ಕಾಯುವುದು ವ್ಯರ್ಥ. ಇಲ್ಲದಿದ್ದಲ್ಲಿ ಬದಲಿಸದಿರುವುದೇ ಅಪಾಯ.

‘ಜೀವಮಾನ’ ಎಂಬ ಮಾತಿನಲ್ಲಿ ಯಾರ ಜೀವಮಾನ ಎಂದು ಕೇಳಬೇಕಿತ್ತು. ಎಣ್ಣೆ ಹಾಳಾಗುವುದು ಬಿಸಿಯಿಂದ. ಸಾಮಾನ್ಯವಾಗಿ 80–95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಖವಾಗಿರುತ್ತದೆ. ಅದರಾಚೆ ಪ್ರತಿ ಹತ್ತು ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನ ಹಳೆಯ ಅಂದಾಜು. ನಿಂತು ನಿಂತು ಸಾಗುವ ದಟ್ಟಣೆ, ಏರು ರಸ್ತೆ, ತುಂಬಿದ ಹೊರೆ, ಇವೆಲ್ಲ ಬಿಸಿ ಏರಿಸುತ್ತವೆ. ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷಕ್ಕೆ ಎಣ್ಣೆ ಬದಲಿಸಿ ಎಂದು ತಾನೇ ಹೇಳುತ್ತದೆ. ಮಾಡಿದವರ ಮಾತಿಗಿಂತ ಮಾರಿದವರ ಮಾತು ದೊಡ್ಡದಾಗಬಾರದು.

ಯಾವ ಎಣ್ಣೆ ಎಂಬುದರಲ್ಲಿ ರಾಜಿ ಇಲ್ಲ. ಒಂದು ಕಾಲಕ್ಕೆ ಫೋರ್ಡ್‌ನ ಟೈಪ್ ಎಫ್ ಎಣ್ಣೆಯಲ್ಲಿ ಘರ್ಷಣೆ ಹದಗೊಳಿಸುವ ವಸ್ತುವೇ ಇರಲಿಲ್ಲ, ಜನರಲ್ ಮೋಟರ್ಸ್‌ನ ಡೆಕ್ಸ್‌ರಾನ್‌ನಲ್ಲಿ ಇತ್ತು. ಎರಡೂ ಕೆಂಪೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಗೇರ್ ಬದಲಾಗುವ ಬಗೆಯೇ ಬದಲಾಗುತ್ತಿತ್ತು. ಆ ಹದಕ್ಕೆ ಆಗ ಬಳಸುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆ ಎಂದರೆ ಇಂದಿನ ಹುಡುಗರು ನಗುತ್ತಾರೆ. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬದಲಿ ರಾಸಾಯನಿಕ ಹುಡುಕುವುದು ಎಣ್ಣೆ ಕಂಪನಿಗಳಿಗೆ ಸುಲಭವಾಗಲಿಲ್ಲ. ನಿಮ್ಮ ಕೈಪಿಡಿಯಲ್ಲಿ ಅಚ್ಚಾಗಿರುವ ಹೆಸರಿನ ಎಣ್ಣೆಯನ್ನೇ ಕೊಳ್ಳಿ. ‘ಎಲ್ಲ ಕಾರಿಗೂ ಆಗುತ್ತದೆ’ ಎನ್ನುವ ಡಬ್ಬಿ ಅಗ್ಗವಾಗಿ ಸಿಕ್ಕರೂ ನಾನು ಹಾಕುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳು. ನಾನಾಗಿದ್ದರೆ ಮೊದಲು ಸ್ಕ್ಯಾನರ್ ಜೋಡಿಸುತ್ತಿದ್ದೆ. ದೀಪ ಹೊತ್ತದಿದ್ದರೂ ಒಳಗೆ ದೋಷ ತಿಳಿಸುವ ಕೋಡ್ ಕೂತಿರುವುದುಂಟು. ಪಿ0741 ಬಂದರೆ ಲಾಕಪ್ ಸರಿಯಾಗಿ ಹಿಡಿಯುತ್ತಿಲ್ಲ, ಪಿ0733 ಬಂದರೆ ಮೂರನೇ ಗೇರಿನ ಅನುಪಾತ ತಪ್ಪುತ್ತಿದೆ. ಕೋಡ್‌ಗಿಂತಲೂ ನನಗೆ ಬೇಕಾದದ್ದು ಕಂಪ್ಯೂಟರ್ ಕಲಿತಿಟ್ಟುಕೊಂಡ ಹೊಂದಾಣಿಕೆಯ ಅಂಕಿಗಳು. ಕ್ಲಚ್ ಸವೆದಂತೆಲ್ಲ ಕಂಪ್ಯೂಟರ್ ಅದಕ್ಕೆ ಹೆಚ್ಚು ಹೊತ್ತು, ಹೆಚ್ಚು ಒತ್ತಡ ಕೊಟ್ಟು ಸರಿದೂಗಿಸುತ್ತಾ ಹೋಗುತ್ತದೆ. ಆ ಅಂಕಿ ತನ್ನ ಮಿತಿಯ ಅಂಚಿಗೆ ತಲುಪಿದ್ದರೆ ಸವೆತ ಎಷ್ಟೆಂದು ಬಿಚ್ಚದೆಯೇ ತಿಳಿಯುತ್ತದೆ. ಬ್ಯಾಟರಿಯನ್ನೂ ಪರೀಕ್ಷಿಸಿಬಿಡಿ; ಸೊರಗಿದ ಬ್ಯಾಟರಿಯಿಂದ ಸೊಲೆನಾಯ್ಡ್‌ಗಳು ತಪ್ಪು ಹೆಜ್ಜೆ ಇಟ್ಟದ್ದನ್ನು ಕಂಡಿದ್ದೇನೆ. ಬ್ರೇಕ್ ತುಳಿದು ‘ಡಿ’ಯಲ್ಲಿ ಎಂಜಿನ್ ರೇಗಿಸಿ ನೋಡುವ ಪರೀಕ್ಷೆಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಕೆಲವೇ ಸೆಕೆಂಡಿನಲ್ಲಿ ಕನ್ವರ್ಟರಿನ ಎಣ್ಣೆ ಕೆಡುವಷ್ಟು ಬಿಸಿಯಾಗಬಹುದು.

ಸುಟ್ಟ ವಾಸನೆ ಇಲ್ಲ, ತಟ್ಟೆಯಲ್ಲಿ ಚಕ್ಕೆ ಇಲ್ಲ, ನಾಲ್ಕು–ಐದು ಸರಿಯಾಗಿದೆ ಎಂದಾದರೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ಕೆಲವು ಮಾದರಿಗಳಲ್ಲಿ ಫಿಲ್ಟರ್ ಒಳಗೆ ಹುದುಗಿದ್ದು ಬಿಚ್ಚದೆ ಸಿಗುವುದಿಲ್ಲ, ಅಲ್ಲಿ ಎಣ್ಣೆಯಷ್ಟೇ. ಒತ್ತಡದ ಯಂತ್ರದ ಫ್ಲಶ್ ಬೇಡ. ಮೂಲೆಯಲ್ಲಿ ಕುಳಿತ ಕೊಳೆಯನ್ನು ಎಬ್ಬಿಸಿ ಎಲ್ಲಿಗೆ ಕಳಿಸುತ್ತದೆ ಎಂದು ಹೇಳಲಾಗದು. ಕೂಲರಿನ ಪೈಪಿಗೆ ಜೋಡಿಸಿ, ಗೇರ್‌ಬಾಕ್ಸಿನ ಸ್ವಂತ ಪಂಪ್ ತಳ್ಳಿದಷ್ಟನ್ನೇ ಬದಲಿಸುವ ಯಂತ್ರ ಅಷ್ಟು ಕೆಟ್ಟದ್ದಲ್ಲ, ಆದರೂ ನಿಮ್ಮ ಕಾರಿಗೆ ನಾನು ಹಳೆಯ ಪದ್ಧತಿಯನ್ನೇ ಹೇಳುತ್ತೇನೆ. ಕೆಳಗಿನಿಂದ ಹರಿಸಿದರೆ ಅರ್ಧದಷ್ಟು ಎಣ್ಣೆ ಮಾತ್ರ ಬರುತ್ತದೆ, ಉಳಿದದ್ದು ಕನ್ವರ್ಟರಿನಲ್ಲೇ ನಿಲ್ಲುತ್ತದೆ. ಒಟ್ಟು ಏಳು ಲೀಟರ್ ಇದ್ದು ಮೂರೂವರೆ ಬದಲಿಸಿದರೆ ಅರ್ಧ ಹೊಸದು. ಕೆಲವು ನೂರು ಕಿ.ಮೀ. ಓಡಿಸಿ ಮತ್ತೆ ಅಷ್ಟೇ ಬದಲಿಸಿದರೆ ಮುಕ್ಕಾಲು. ಮೂರನೇ ಸಲಕ್ಕೆ ಶೇ 87.5. ಮೂರು ಸಲ ಎಂದರೆ ಗ್ಯಾರೇಜಿನವರು ಮುಖ ಸಿಂಡರಿಸುತ್ತಾರೆ, ಬಿಡಬೇಡಿ. ಹರಿದುಬಂದದ್ದನ್ನು ಅಳೆದು ಅಷ್ಟೇ ತುಂಬಿಸಿ, ಆಮೇಲೆ ಉಷ್ಣತೆ ನೋಡಿ ಮಟ್ಟ ಸರಿಪಡಿಸಿ. ನಡುಕ ಇದರಿಂದ ಹೋಗುವ ಸಂಭವ ಚೆನ್ನಾಗಿದೆ. ‘ವೂಂ’ ಹೋಗುತ್ತದೆಂದು ಮಾತು ಕೊಡಲಾರೆ.

ನಡುಕ ಹೋಗಿ ‘ವೂಂ’ ಉಳಿದರೆ ಮುಂದಿನ ಅನುಮಾನ ವಾಲ್ವ್ ಬಾಡಿ ಮತ್ತು ಸೊಲೆನಾಯ್ಡ್‌ಗಳ ಮೇಲೆ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಕೆಳಗಿಳಿಸದೆಯೇ ಇದನ್ನು ಬದಲಿಸಬಹುದು. ಧೂಳು ಬಿದ್ದರೆ ಕೆಡುವ ಕೆಲಸ, ಹಾಗಾಗಿ ಅದನ್ನೇ ಮಾಡುವವರ ಕೈಯಲ್ಲಿ ಮಾಡಿಸಿ. ಹೊಸ ವಾಲ್ವ್ ಬಾಡಿಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಉಪಕರಣ ಅವರಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಎಣ್ಣೆಯ ಬಳಿಕವೂ ನಡುಕ ಉಳಿದರೆ ಕನ್ವರ್ಟರ್, ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಕ್ಲಚ್ಚೇ ಸುಟ್ಟಿದ್ದರೆ ಪೂರ್ತಿ ಬಿಚ್ಚಿ ಕಟ್ಟಿಸುವುದು ಅಥವಾ ಬದಲಿ ಗೇರ್‌ಬಾಕ್ಸ್. ಆಗ ಹಳೆಯ ಕನ್ವರ್ಟರನ್ನು ಉಳಿಸಿಕೊಂಡು, ಕೂಲರನ್ನು ತೊಳೆಯದೆ ಕೆಲಸ ಮುಗಿಸುವವರಿದ್ದಾರೆ; ಅಲ್ಲಿ ಅಡಗಿದ ಹಳೆಯ ಪುಡಿ ಹೊಸ ಕ್ಲಚ್ಚನ್ನು ತಿನ್ನುತ್ತದೆ. ಬಳಸಿದ ಗೇರ್‌ಬಾಕ್ಸ್ ಕೊಳ್ಳುವುದಾದರೆ ಅದರ ಹಳೆಯ ಒಡೆಯರೂ ‘ಜೀವಮಾನದ ಆಯಿಲ್’ ನಂಬಿದವರೇ ಆಗಿರಬಹುದು ಎಂಬುದು ನೆನಪಿರಲಿ.

ಇದನ್ನೆಲ್ಲ ಓದಿ ಬೇರೆ ಬಗೆಯ ಗೇರ್‌ಬಾಕ್ಸ್ ಇರುವವರು ಗಾಬರಿಯಾಗುವುದು ಬೇಡ. ಗೇರ್‌ಗಳ ಬದಲು ಬೆಲ್ಟ್ ಮತ್ತು ರಾಟೆಗಳಿರುವ ಸಿವಿಟಿ ಕಾರಿನಲ್ಲಿ ಎಂಜಿನ್ ಸದ್ದು ಮೊದಲು ಏರಿ ವೇಗ ಆಮೇಲೆ ಬರುವುದು ಅದರ ಸ್ವಭಾವ, ರೋಗವಲ್ಲ. ಎಎಂಟಿ ಎಂದರೆ ಯಂತ್ರದ ಕೈ ಓಡಿಸುವ ಮ್ಯಾನುಯಲ್, ಗೇರ್ ಬದಲಾಗುವಾಗ ತಲೆ ತೂಗುವುದು ಅದರ ಜಾತಕದಲ್ಲೇ ಇದೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚುಗಳೆರಡರ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವವರು ದಟ್ಟಣೆಯಲ್ಲಿ ಇಂಚಿಂಚು ತೆವಳದೆ, ಮುಂದೆ ಜಾಗವಾದ ಮೇಲೆ ಒಮ್ಮೆಗೇ ಸಾಗಿದರೆ ಕ್ಲಚ್ ಬಾಳುತ್ತದೆ. ಮ್ಯಾನುಯಲ್‌ನವರ ಸಾಮಾನ್ಯ ದೂರು ಸದ್ದು: ನ್ಯೂಟ್ರಲ್‌ನಲ್ಲಿ ಗುರುಗುಡುವ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಶಾಫ್ಟಿನ ಬೇರಿಂಗ್ ನೋಡಿ, ಒತ್ತಿದಾಗ ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಒಂದು ಗೇರಿಗೆ ಮಾತ್ರ ಕಿರ್ರೆನ್ನುವುದಾದರೆ ಗೇರ್ ಕೂಡುವ ಮೊದಲು ವೇಗ ಸಮಮಾಡುವ ಆ ಗೇರಿನ ಸಿಂಕ್ರೊನೈಸರ್ ಉಂಗುರ, ಎಲ್ಲ ಗೇರಿಗೂ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ನಿಮಗೆ ಕೊನೆಯದಾಗಿ, ಎಣ್ಣೆ ಬದಲಿಸಿದ ಮೇಲೆ ಸ್ಕ್ಯಾನರಿನಿಂದ ಹಳೆಯ ಹೊಂದಾಣಿಕೆಯನ್ನು ಅಳಿಸಿ ಹೊಸದಾಗಿ ಕಲಿಸಬೇಕೇ ಎಂಬುದನ್ನು ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಹೇಳುತ್ತದೆ, ಅದರಂತೆ ಮಾಡಿಸಿ. ಕಲಿಯುವ ಮೊದಲ ಕೆಲವು ದಿನ ಗೇರ್‌ಗಳು ಒಮ್ಮೊಮ್ಮೆ ಬಿರುಸಾಗಿ, ಒಮ್ಮೊಮ್ಮೆ ತಡವಾಗಿ ಬದಲಾದರೆ ಮತ್ತೆ ಗ್ಯಾರೇಜಿಗೆ ಓಡಬೇಡಿ. ಇನ್ನೂರು ಮುನ್ನೂರು ಕಿ.ಮೀ. ಎಲ್ಲ ಗೇರ್‌ಗಳಲ್ಲೂ ಸಮಾಧಾನವಾಗಿ ಓಡಿಸಿ, ಆಮೇಲೆ ನಾಲ್ಕು–ಐದರಲ್ಲಿ ಏನು ಕಂಡಿತು, ರಿವರ್ಸ್ ಎಷ್ಟು ಹೊತ್ತಿಗೆ ಹಿಡಿಯಿತು, ಆಯಸ್ಕಾಂತದ ಮೇಲೆ ಏನಿತ್ತು ಎಂದು ಬರೆಯಿರಿ. ಮುಂದಿನ ಮಾತು ಅದನ್ನು ನೋಡಿಕೊಂಡು.